ಕಿವಿ ಮೇಲಿನ ಗುರುತು

ಸೋಮವಾರ ನನ್ನ ಚಿಕ್ಕ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬಂದೆ. ಎರಡೂವರೆ ವರ್ಷದ ಕೂಸು, ಅಳಲಿಲ್ಲ. ಗೇಟಿನ ಹತ್ತಿರ ನನ್ನ ಬೆರಳು ಬಿಟ್ಟು, ಒಮ್ಮೆ ತಿರುಗಿ ನೋಡಿ, ನೀ ಇನ್ನು ಹೋಗು ಎನ್ನುವಂತೆ ಕೈ ಮಾಡಿ ಒಳಗೆ ನಡೆದುಬಿಟ್ಟಳು. ಅದೇ ಶಾಲೆಯಲ್ಲಿ ಎಷ್ಟೋ ವರ್ಷ ಆಯಾ ಆಗಿ ಅಳುವ ಕೂಸುಗಳನ್ನು ಎತ್ತಿ ಆಡಿಸಿದವಳು ನಾನು. ಆ ದಿನ ಗೇಟಿನ ಹೊರಗೆ ನಿಂತು ನಾನೇ ಅತ್ತೆ, ಸಂತೋಷಕ್ಕೆ. ಮನೆಗೆ ಬರುವ ದಾರಿಯಲ್ಲಿ ಎಳನೀರಿನವನಿಗೆ ಹೇಳಿದೆ, ಚಪ್ಪಲಿ ಹೊಲಿಯುವವನಿಗೆ ಹೇಳಿದೆ, ಗುರುತಿಲ್ಲದ ಆಟೋದವನೊಬ್ಬನಿಗೂ ಹೇಳಿದೆ. ಅವನು, "ಬಾಳ ಚಲೋ ಆತು ಬಿಡಮ್ಮ, ಈಗ ದಾರಿ ಬಿಡು" ಅಂದ.

ಇಷ್ಟೆಲ್ಲ ಸಂತೋಷದಲ್ಲಿ ಒಂದು ಕೊರತೆ. ಗೇಟಿನ ಹತ್ತಿರ ನಿಂತು, ಬಂದ ಪ್ರತಿ ಮಗುವಿನ ಅಂಗಿಯ ಮೇಲಿನ ಹತ್ತಿ ಎಳೆ ತೆಗೆದು ಒಳಗೆ ಬಿಡುವವರು ಅಲ್ಲಿರಲಿಲ್ಲ. ನಮ್ಮ ಮೇಡಮ್ಮ ಯುಗಾದಿಯಿಂದ ಶಾಲೆಗೆ ಬರುವುದನ್ನು ಬಿಟ್ಟಿದ್ದಾರೆ. "ನನಗ ಮೊಣಕಾಲು ಬ್ಯಾಡ ಅಂತಾವ ಅವ್ವ. ಸಣ್ಣ ಕುರ್ಚಿ ಮ್ಯಾಲ ಕುಂತ್ರ ಏಳಾಕ ಇಬ್ಬರು ಬೇಕು" ಅಂತ ಹೇಳಿ ಬೀಗದ ಕೈ ಗೊಂಚಲನ್ನು ಸಣ್ಣ ಟೀಚರಿಗೆ ಕೊಟ್ಟು ಮನೆಗೆ ಹೋದರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನಿಸಿದೆ. ಹೆಸರು ಹಾಕುವುದಿಲ್ಲ. "ನನ್ನ ಹೆಸರು ಯಾವ ಬೋರ್ಡಿನ ಮ್ಯಾಲೂ ಬ್ಯಾಡ" ಎಂದು ಅವರು ಖಂಡಿತವಾಗಿ ಹೇಳಿದ್ದಾರೆ. ಕಾಗದವೂ ಒಂದು ಬೋರ್ಡೇ.

ಮೊದಲು ಅವರ ಕೈ ಬಗ್ಗೆ ಹೇಳಬೇಕು. ಹತ್ತಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಹತ್ತಿ ವ್ಯಾಪಾರದ ಮನೆಗೇ ಸೊಸೆಯಾಗಿ ಬಂದವರು. ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಹತ್ತಿ ಕಾಲದಲ್ಲಿ ಗಾಳಿಯಲ್ಲೂ ಎಳೆ ಇರುತ್ತದೆ. ಯಾರ ಜೊತೆ ಮಾತಾಡಲಿ, ಮೊದಲು ಅವರ ತೋಳಿನ ಮೇಲಿನದೋ ಭುಜದ ಮೇಲಿನದೋ ಒಂದು ಎಳೆ ತೆಗೆದು, ಅದನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡುವರು. ಎಳೆ ಉದ್ದ ಇದ್ದರೆ ಮುಖದಲ್ಲಿ ಒಂದು ಸಮಾಧಾನ. ಆಮೇಲೆ ಮಾತು. ಫೀಸು ಕಡಿಮೆ ಮಾಡಿರಿ ಎಂದು ಜಗಳಕ್ಕೆ ಬಂದವರು ಎಷ್ಟೋ ಮಂದಿ ಆ ಎಳೆ ತೆಗೆಯುವಷ್ಟರಲ್ಲೇ ತಣ್ಣಗಾಗಿಬಿಡುತ್ತಿದ್ದರು.

ನಲವತ್ತು ದಾಟಿದ ಮೇಲೆ ಅವರಿಗೆ ತಮ್ಮದೇ ಒಂದು ಕೆಲಸ ಬೇಕು ಅನಿಸಿತಂತೆ. ಯಜಮಾನರು ಹತ್ತಿ ಬೀಜ ಬಿಡಿಸುವ ಜಿನ್ನಿನ ಕೆಲಸ ಅಂತ ಊರೂರು ತಿರುಗುವವರು, ಮನೆಯ ಮಾತಿಗೆ ಬರುವವರಲ್ಲ. ವ್ಯಾಪಾರವೆಲ್ಲ ಮೈದುನನ ಕೈಯಲ್ಲಿ. ಮನೆಯ ಹಿಂದಿನ ಓಣಿಯಲ್ಲಿ ಹಳೆಯ ಹತ್ತಿ ಗೋದಾಮು ಒಂದಿತ್ತು, ಅದು ಅತ್ತೆಯ ಹೆಸರಿನಲ್ಲಿ. ಅದನ್ನೇ ಕೇಳಿದರು, ಚಿಕ್ಕ ಮಕ್ಕಳ ಶಾಲೆ ತೆರೆಯುತ್ತೇನೆಂದು. ಮೈದುನ ನಕ್ಕರು. ಅತ್ತೆ ನಗಲಿಲ್ಲ, ಒಂದು ಕರಾರು ಹಾಕಿದರು: "ಶಾಲಿ ನಡಿಯೋಷ್ಟು ದಿನ ಗೋದಾಮು ನಿಂದು. ಬಾಗಲಾ ಹಾಕಿದ ದಿನ ಹತ್ತಿದು." ಈ ಮಾತನ್ನು ಮೇಡಮ್ಮ ನನಗೆ ಹತ್ತು ಸಲ ಹೇಳಿದ್ದಾರೆ. ಊರಿನಲ್ಲಿ ಎಲ್ಲರಿಗೂ ಶಾಲೆ ಕಾಣುತ್ತಿತ್ತು. ಅವರಿಗೆ ಮಾತ್ರ ಆ ಬಾಗಿಲು ಕಾಣುತ್ತಿತ್ತು.

ಆದರೆ ಒಬ್ಬ ಸಾಹುಕಾರರ ಸೊಸೆ ಶಾಲೆ ತೆರೆದರೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಆಕಿಗೇನು ಗೊತ್ತು ಅಂತಾರೆ. ಅದಕ್ಕೇ ಅವರು ಕಂಪನಿಯೊಂದರ ಹತ್ತಿರ ಹೋದರು. ದೇಶದ ತುಂಬ ಮಕ್ಕಳ ಶಾಲೆಗಳಿದ್ದ ದೊಡ್ಡ ಕಂಪನಿ, ಟಿ.ವಿ.ಯಲ್ಲಿ ಜಾಹೀರಾತು ಬರುತ್ತಿತ್ತು. ಅದರ ಹೆಸರು ನನ್ನ ನಾಲಿಗೆಗೆ ತಿರುಗಲೇ ಇಲ್ಲ. ಬೋರ್ಡಿನ ಮೇಲೆ ಮೊಲದ ಚಿತ್ರ, ಗೇಟಿನ ಹತ್ತಿರ ಆಳೆತ್ತರದ ಪ್ಲೈವುಡ್ ಮೊಲ. ಮೊಲಕ್ಕೆ ತೆಲುಗಿನಲ್ಲಿ ಕುಂದೇಲು. ಊರಿನವರು 'ಕುಂದೇಲು ಶಾಲಿ' ಅಂದರು, ಅದೇ ನಿಂತಿತು.

ನಾನು ಕೆಲಸಕ್ಕೆ ಸೇರಿದ ವಾರ ಒಂದು ದಿನ ಕೇಳಿದೆ, "ಮೇಡಮ್ಮ, ಎಲ್ಲಾರೂ ಫ್ರಾಂಚಿ ಫ್ರಾಂಚಿ ಅಂತಾರಲ್ರಿ, ಹಂಗಂದ್ರೇನು?"

"ಫ್ರಾಂಚೈಸಿ" ಎಂದು ನನ್ನ ನಾಲಿಗೆ ತಿದ್ದಿದರು. "ಹೆಸರು ಅವರದು. ಮೊಲ, ಬಣ್ಣ, ಪುಸ್ತಕ, ಕಲಿಸೋ ಪದ್ಧತಿ, ಎಲ್ಲಾ ಅವರದು. ಜಾಗ ನಂದು, ಬಂಡವಾಳ ನಂದು, ದುಡಿಮಿ ನಂದು ನಿಂದು. ಸೇರುವಾಗ ಒಂದು ಸಲ ದುಡ್ಡು ಕಟ್ಟೀನಿ. ಇನ್ನ ಬಂದ ಫೀಸಿನಾಗ ವರ್ಷಾ ವರ್ಷಾ ಅವರಿಗೊಂದು ಪಾಲು, ಕಡಿಮಿ ಅಂದ್ರೂ ಇಷ್ಟು ಅಂತ ಬರದಾರ."

"ಪಾಲಿಗೆ ಕುರಿ ತಂದಂಗ ಅನ್ರಿ."

ಅವರು ಸ್ವಲ್ಪ ಯೋಚಿಸಿ, "ಹೌದು ನೋಡವ್ವ. ಅದ" ಅಂದರು. ಅಲ್ಲೇ ನಾವಿಬ್ಬರೂ ತಪ್ಪಿದ್ದು.

ನನ್ನ ಗಂಡನ ಮನೆ ಪೆದ್ದಕಡುಬೂರಿನ ಕಡೆ, ಕುರಿ ಸಾಕುವವರು. ದುಡ್ಡಿದ್ದವರು ಇಪ್ಪತ್ತೋ ಮೂವತ್ತೋ ಕುರಿ ಕೊಂಡು ನಮ್ಮಂಥವರಿಗೆ ಪಾಲಿಗೆ ಬಿಡುವರು. ಮೇಯಿಸುವುದು, ನೀರು ಕುಡಿಸುವುದು, ತೋಳ ಕಾಯುವುದು ನಮ್ಮದು. ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಯಾರ ಕುರಿ ಯಾವುದೆಂದು ತಿಳಿಯಲು ಕಿವಿಯಲ್ಲಿ ಒಂದು ಗುರುತು ಕತ್ತರಿಸಿರುತ್ತಾರೆ. ಕುರಿ ರೋಗ ಬಂದು ಸತ್ತರೆ, ಆ ಗುರುತಿನ ಕಿವಿಯನ್ನು ಕೊಯ್ದು ತಂದು ಮಾಲಕನಿಗೆ ತೋರಿಸಬೇಕು. ಅವನು ನೋಡಿ, "ಹೋಗ್ಲಿ ಬಿಡು" ಅನ್ನುವನು. ಕುರುಬನ ಹತ್ತಿರ ಬೆಲೆ ಕೇಳುವುದಿಲ್ಲ. ದುಡಿಮೆ ಇವನದು ಹೋಯಿತು, ಕುರಿ ಅವನದು ಹೋಯಿತು, ಲೆಕ್ಕ ಸಮ. ಕಂಪನಿಯೂ ಹಾಗೆಯೇ ಅಂದುಕೊಂಡೆ.

ಕಂಪನಿಯಿಂದ ಒಳ್ಳೆಯದು ಆಗಲಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬೋರ್ಡು ಏರಿದ ಮೊದಲ ವಾರದಲ್ಲೇ ಮಕ್ಕಳು ಬಂದರು. ಮೇಡಮ್ಮನನ್ನು ಹೈದರಾಬಾದಿಗೆ ಕರೆಸಿ ಹತ್ತು ದಿನ ಕಲಿಸಿ ಕಳಿಸಿದ್ದರು. ಅಲ್ಲಿಂದ ತಂದ ದಪ್ಪ ನೀಲಿ ಪುಸ್ತಕದಲ್ಲಿ ಎಲ್ಲವೂ ಇತ್ತು: ಮಗು ಕಚ್ಚಿದರೆ ಏನು ಮಾಡಬೇಕು, ಅಳುವ ಮಗುವಿನ ತಾಯಿಯನ್ನು ಎಷ್ಟು ಹೊತ್ತು ಒಳಗೆ ಇರಿಸಿಕೊಳ್ಳಬೇಕು, ಕೈ ತೊಳೆಯುವಾಗ ಎಷ್ಟರ ತನಕ ಎಣಿಸಬೇಕು. ಏನೇ ಆಗಲಿ, "ತಡಿ, ಪುಸ್ತಕದಾಗ ಏನೈತಿ ನೋಡೋಣು" ಅನ್ನುವರು. ಒಮ್ಮೆ ಹಲ್ಲಿಯೊಂದು ಮಗುವಿನ ಡಬ್ಬಿಯಲ್ಲಿ ಬಿದ್ದಾಗಲೂ ಅದನ್ನೇ ಅಂದರು. ಹಲ್ಲಿ ಪುಸ್ತಕದಲ್ಲಿ ಇರಲಿಲ್ಲ. "ಇವರ ಊರಾಗ ಹಲ್ಲಿ ಇಲ್ಲ ಕಾಣತೈತಿ" ಅಂತ ಹೇಳಿ ತಾವೇ ಡಬ್ಬಿ ಒಯ್ದು ಹೊರಗೆ ಸುರಿದು ಬಂದರು. ಒಂದು ಅಂಗಡಿಯನ್ನೂ ನಡೆಸಿ ಗೊತ್ತಿಲ್ಲದ ಹೆಂಗಸು ಆರು ತಿಂಗಳಲ್ಲಿ ಅರವತ್ತು ಮಕ್ಕಳ ಶಾಲೆ ನಡೆಸುವಂತಾದದ್ದು ಆ ಪುಸ್ತಕದಿಂದಲೇ. ಅದನ್ನು ಅವರು ಕೊನೆಯ ತನಕವೂ ಮರೆಯಲಿಲ್ಲ.

ಆದರೆ ಆ ಪುಸ್ತಕ ನಮ್ಮ ಊರನ್ನು ನೋಡಿರಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಹಿಮದ ದಿನ ಮಾಡಬೇಕೆಂದು ಬರೆದಿತ್ತು. ಮೇಜಿನ ಮೇಲೆಲ್ಲ ಹತ್ತಿ ಹರಡಿ, ಇದು ಹಿಮ, ಸ್ನೋ, ಎಂದು ಮಕ್ಕಳಿಗೆ ಹೇಳಿಕೊಡಬೇಕು. ನಮಗೆ ಹತ್ತಿಗೇನು ಬರ? ಒಂದು ಗೋಣಿ ತಂದು ಸುರಿದೆವು. ಅದೇ ದಿನ ಕಂಪನಿಯ ಆಫೀಸರು ತಪಾಸಣೆಗೆ ಬಂದರು. ಕರ್ನೂಲಿನಿಂದ ಬರುತ್ತಿದ್ದ ತೆಲುಗು ಹುಡುಗ, ಒಳ್ಳೆಯವನು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ನನ್ನ ದೊಡ್ಡ ಮೊಮ್ಮಗಳು ಆಗ ನಾಲ್ಕು ವರ್ಷದವಳು, ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವಳಪ್ಪ, ಅಂದರೆ ನನ್ನ ಮಗ, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಆಫೀಸರು ಒಂದು ಹಿಡಿ ಎತ್ತಿ ಇಂಗ್ಲಿಷಿನಲ್ಲಿ ಇದೇನು ಅಂದರು.

"ಹತ್ತಿ" ಅಂದಳು.

"ನೋ ನೋ. ಸ್ನೋ."

ಅವಳು ಅವರ ಕೈಯಿಂದ ಅದನ್ನು ತೆಗೆದುಕೊಂಡು, ಅಪ್ಪ ಮಾಡುವಂತೆ ಹಿಚುಕಿ ನೋಡಿ, "ಹಸಿ ಐತಿ. ಒಣಗಿಲ್ಲ" ಅಂದಳು.

ಮೇಡಮ್ಮ ಪುಸ್ತಕದಲ್ಲಿ ಇದ್ದಂತೆ 'ಸ್ನೋ' ಅಂತ ತಿದ್ದಬೇಕಿತ್ತು. ತಿದ್ದಲಿಲ್ಲ. ತಾವೂ ಒಂದು ಎಳೆ ಎಳೆದು ನೋಡಿದರು. "ಹೌದು ಸಾರ್, ತ್ಯಾವ ಐತಿ. ಆಕಿ ಹೇಳಿದ್ದು ಖರೇ." ಆಫೀಸರು ನಗಬೇಕೋ ಬೇಡವೋ ತಿಳಿಯದೆ ಏನೋ ಟೈಪು ಮಾಡಿಕೊಂಡು ಹೋದರು. ಹದಿನೈದು ದಿನಕ್ಕೆ ಒಂದು ಕಾಗದ ಬಂತು, ಪದ್ಧತಿ ಮೀರಿದ್ದೀರಿ ಎಂದು. ಮೇಡಮ್ಮ ಅದನ್ನು ಓದಿ, "ಅವರದೂ ತಪ್ಪಿಲ್ಲವ್ವ. ಒಂದು ಊರಾಗ ಹತ್ತಿ, ಇನ್ನೊಂದು ಊರಾಗ ಹಿಮ ಅಂದ್ರ, ಬೋರ್ಡ್ ನೋಡಿ ಬಂದವರು ಏನಂತ ನಂಬಬೇಕು?" ಅಂದರು. ಹಾಗೆ ಅವರು. ತಮ್ಮ ಮೇಲೆ ಬಂದ ಮಾತಿನಲ್ಲೂ ಎದುರಿನವರ ನ್ಯಾಯ ಹುಡುಕುವರು. ಆ ಕಾಗದವನ್ನು ಫೈಲಿಗೆ ಹಾಕಿದರು, ಮುಂದಿನ ವರ್ಷ ಹಿಮ ಎಂದೇ ಹೇಳಿಕೊಟ್ಟರು.

ನಾಲ್ಕನೆಯ ವರ್ಷ ದೊಡ್ಡ ಪೆಟ್ಟು ಬಿತ್ತು. ರೈಲ್ವೆ ಗೇಟಿನ ಆಚೆ ಹೊಸ ಬಡಾವಣೆಯಲ್ಲಿ ಅದೇ ಕಂಪನಿಯ ಇನ್ನೊಂದು ಶಾಲೆ ತೆರೆಯಿತು. ಅದೇ ಹೆಸರು, ಅದೇ ಮೊಲ. ಅಲ್ಲಿ ಎ.ಸಿ., ವ್ಯಾನು. ನಮ್ಮ ಗೋದಾಮಿನ ತಗಡಿನ ಮಾಳಿಗೆ ಯಾರಿಗೆ ಬೇಕು? ವರ್ಷ ಮುಗಿಯುವಷ್ಟರಲ್ಲಿ ನಮ್ಮಲ್ಲಿ ಇಪ್ಪತ್ತನಾಲ್ಕು ಮಕ್ಕಳು ಉಳಿದರು. ಹತ್ತಿರದಲ್ಲಿ ಇನ್ನೊಬ್ಬರಿಗೆ ಕೊಡಬಾರದು ಎಂಬ ಮಾತು ಕರಾರಿನಲ್ಲಿ ಇರಲಿಲ್ಲ. "ಅದೊಂದು ಕೇಳಲಿಲ್ಲ ನಾನು" ಎಂದು ಮೇಡಮ್ಮ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಸೀರಿ ಕೊಳ್ಳುವಾಗ ನೂರು ಮಾತು ಕೇಳ್ತೀನಿ. ಅಲ್ಲಿ ಕೇಳಲಿಲ್ಲ." ಮಕ್ಕಳು ಅರ್ಧಕ್ಕಿಂತ ಕೆಳಗೆ ಇಳಿದರೂ ಕಡಿಮೆ ಅಂದರೂ ಇಷ್ಟು ಎಂದು ಕಂಪನಿಗೆ ಕಟ್ಟುವ ಪಾಲು ಇಳಿಯಲಿಲ್ಲ. ಮೈದುನ ದಿನಾ ಸಂಜೆ ಗೋದಾಮಿನ ಮುಂದೆ ಸ್ಕೂಟರ್ ನಿಲ್ಲಿಸಿ, "ಅತ್ತಿಗಿ, ಎಷ್ಟು ಮಂದಿ ಬಂದಿದ್ರು ಇವತ್ತು?" ಎಂದು ನಗುತ್ತ ಕೇಳುವರು. ನಗುವಿನಲ್ಲೇ ಬಾಗಿಲು ಅಳೆಯುತ್ತಿದ್ದರು.

ಆ ಬೇಸಿಗೆಯ ಗಾಳಿಗೆ ಗೇಟಿನ ಮೊಲದ ಒಂದು ಕಿವಿ ಮುರಿದು ಬಿತ್ತು. ನಾನು ಅದನ್ನು ಎತ್ತಿಟ್ಟಿದ್ದೆ. ಮೇಡಮ್ಮ ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಲಾರದೆ ಒಂದು ದಿನ ಹೇಳಿಬಿಟ್ಟೆ.

"ಮೇಡಮ್ಮ, ಮಾಲಕರಿಗೆ ಕಿವಿ ತೋರ್ಸೀರೇನು?"

"ಯಾವ ಕಿವಿ?"

ನಮ್ಮ ಕುರಿಯ ಪದ್ಧತಿ ಹೇಳಿದೆ. ನಷ್ಟ ಆದಾಗ ಗುರುತು ತೋರಿಸಿದರೆ ಮಾಲಕ ತನ್ನ ಪಾಲು ಹೊರಬೇಕು, ಅದು ನ್ಯಾಯ. ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಒಳಗೆ ಹೋಗಿ ಮೊಲದ ಕಿವಿಯನ್ನು ತಂದು ಧೂಳು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದರು. ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿದರು: ನಮ್ಮ ಕಡೆ ಪಾಲಿನ ಪದ್ಧತಿ ಹೀಗಿದೆ. ನಿಮ್ಮ ಗುರುತಿನ ಕಿವಿ ಕಳಿಸಿದ್ದೇನೆ. ನಮ್ಮ ಕುರಿಗಳು ಸತ್ತಿಲ್ಲ, ನೀವೇ ತೆರೆದ ಇನ್ನೊಂದು ಹಟ್ಟಿಗೆ ಹೋಗಿವೆ. ಈ ವರ್ಷದ ನಷ್ಟದಲ್ಲಿ ಅರ್ಧ ನಿಮ್ಮದು. ಕೊರಿಯರ್ ಅಂಗಡಿಯವನು ಒಳಗೆ ಏನಿದೆ ಎಂದು ಕೇಳಿದ. "ಕಿವಿ" ಅಂದೆ ನಾನು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ.

ಇಪ್ಪತ್ತು ದಿನಕ್ಕೆ ಆ ಆಫೀಸರೇ ಬಂದರು, ಕಿವಿಯನ್ನು ವಾಪಸು ಹಿಡಿದುಕೊಂಡು. ಅವರ ಆಫೀಸಿನಲ್ಲಿ ಎಲ್ಲರೂ ನೋಡಿದರಂತೆ. ಯಾರೂ ಕೆಟ್ಟ ಮಾತು ಆಡಲಿಲ್ಲವಂತೆ, ಆದರೆ ಯಾರಿಗೂ ಏನು ಉತ್ತರ ಬರೆಯಬೇಕೆಂದು ತಿಳಿಯಲಿಲ್ಲವಂತೆ. ಸಣ್ಣ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ನಾನು ಕೊಟ್ಟ ಚಹಾ ಕುಡಿದು, ಮೆಲ್ಲಗೆ ಹೇಳಿದರು: "ಕಂಪೆನೀ ಗೊರ್ರೆನಿ ಇವ್ವಲೇದಮ್ಮಾ. ಚೆವಿ ಮೀದ ಗುರ್ತು ಮಾತ್ರಮೇ ಇಚ್ಚಿಂದಿ. ಗೊರ್ರೆ ಮೀದೇ."

ಕಂಪನಿ ಕುರಿ ಕೊಟ್ಟಿಲ್ಲ. ಕಿವಿ ಮೇಲಿನ ಗುರುತು ಮಾತ್ರ ಕೊಟ್ಟಿದೆ. ಕುರಿ ನಿಮ್ಮದೇ.

ನಾನು ಎಷ್ಟೋ ದಿನ ಈ ಮಾತನ್ನು ಮೆಲುಕು ಹಾಕಿದ್ದೇನೆ. ಹೌದಲ್ಲ. ಗೋದಾಮು ಇವರದು, ಕುರ್ಚಿ ಇವರ ದುಡ್ಡಿನವು, ಮಕ್ಕಳು ಊರಿನವು, ಅಳು ಒರೆಸಿದ ಸೆರಗು ನನ್ನದು. ಅವರು ಕೊಟ್ಟದ್ದು ಗುರುತು. ಗುರುತು ನೋಡಿಯೇ ಜನ ಬಂದರು, ಅದಕ್ಕೆ ಬೆಲೆ ಇಲ್ಲ ಎನ್ನಲಾಗದು. ಆದರೆ ಕುರಿ ಸತ್ತರೆ ಗುರುತಿಗೇನು ನಷ್ಟ? ಇನ್ನೊಂದು ಕಿವಿಯ ಮೇಲೆ ಇರುತ್ತದೆ.

ಮೇಡಮ್ಮ ಆ ಹುಡುಗನ ತೋಳಿನ ಮೇಲಿನ ಒಂದು ಎಳೆ ತೆಗೆದು, "ಹಂಗಾದ್ರ ಗುರುತು ಅಳಿಸಿದ್ರೂ ಕುರಿ ನನ್ನವ?" ಎಂದು ಕೇಳಿದರು.

ಆಫೀಸರು ಚೀಲದಿಂದ ಕರಾರು ತೆಗೆದು ಆರನೆಯ ಪುಟ ತೋರಿಸಿದರು. ಕುರಿ ನಿಮ್ಮವೇ, ಆದರೆ ಗುರುತು ಅಳಿಸಿದ ದಿನದಿಂದ ಎರಡು ವರ್ಷ ಈ ಊರಿನಲ್ಲಿ ಮೇಯಿಸುವ ಹಾಗಿಲ್ಲ. ಎಂದರೆ ಕಂಪನಿ ಬಿಟ್ಟವರು ಎರಡು ವರ್ಷ ಅದೇ ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆ ನಡೆಸಬಾರದು. ಅವರು ಕಲಿಸಿದ ವಿದ್ಯೆಯಿಂದಲೇ ಅವರ ಎದುರು ನಿಲ್ಲಬಾರದಲ್ಲ, ಅದಕ್ಕೆ.

ಆಲೂರಿನ ಹೆಣ್ಣುಮಗಳೊಬ್ಬಳ ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಹೋದ ವರ್ಷ, ಶಾಲೆ ಕಂಪನಿಯಿಲ್ಲದೆ ನಮ್ಮದೇ ಹೆಸರಿನಲ್ಲಿ ನಡೆಯುತ್ತಿದ್ದಾಗ, ಆಕೆ ಬಂದು ನಿಮ್ಮ ಪದ್ಧತಿಯಲ್ಲಿ ನಮ್ಮೂರಲ್ಲಿ ಶಾಲೆ ತೆರೆಯುತ್ತೇನೆ, ಅದೇ ಹೆಸರು ಇಡಲೇ ಎಂದು ಕೇಳಿದಳು. ಮೇಡಮ್ಮ ಒಂದೇ ಪುಟದ ಕರಾರು ಬರೆದರು. ಆಲೂರಿನಲ್ಲಿ ಇನ್ನೊಬ್ಬರಿಗೆ ಕೊಡುವುದಿಲ್ಲ, ಮಕ್ಕಳು ಕಡಿಮೆಯಾದ ವರ್ಷ ಪಾಲೂ ಕಡಿಮೆ, ಶಾಲೆ ನಿಂತರೆ ಬೋರ್ಡು ತಂದು ತೋರಿಸು, ಕಟ್ಟಿದ್ದರಲ್ಲಿ ಅರ್ಧ ವಾಪಸು. "ಆದ್ರ ಕೈ ತೊಳಿಯೋದು ಮಾತ್ರ ನಾ ಹೇಳಿದಷ್ಟ ಎಣಸಬೇಕು" ಎಂದೂ ಬರೆದರು. ನೀಲಿ ಪುಸ್ತಕದ ಹೆಂಗಸೇ ಅವರು, ಎಲ್ಲಿಗೆ ಹೋದಾರು?

ಕಂಪನಿಯ ಐದು ವರ್ಷದ ಕರಾರು ಮುಗಿದ ದಿನ ಮೇಡಮ್ಮ ಮತ್ತೆ ಸಹಿ ಮಾಡಲಿಲ್ಲ. ನಾವೇ ಗೋಡೆಗೆ ಸುಣ್ಣ ಹೊಡೆದೆವು, ಒಂಟಿ ಕಿವಿಯ ಮೊಲವನ್ನು ಇಳಿಸಿದೆವು, ಪುಸ್ತಕ ಕಟ್ಟಿ ಕಳಿಸಿದೆವು. ಮಕ್ಕಳ ತಾಯಂದಿರು ಬಂದು, "ಬೋರ್ಡ್ ಇಲ್ಲದಿದ್ರ ಏನಾತ್ರಿ, ಟ್ಯೂಷನ್ ಅಂತ ನಡಸ್ರಿ, ಯಾರಿಗೆ ಗೊತ್ತಾಗತೈತಿ" ಅಂದರು. ನಾನೂ ಅದನ್ನೇ ಅಂದೆ. ಮೇಡಮ್ಮ ಒಪ್ಪಲಿಲ್ಲ. "ಸಹಿ ಮಾಡೀನಿ" ಅಂದರು, ಅಷ್ಟೇ. ಗೇಟಿನಲ್ಲಿ ನಿಂತು ಇಪ್ಪತ್ತನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ವಾಪಸು ಕಳಿಸಿದರು. ಆ ದಿನ ಯಾರ ಅಂಗಿಯ ಎಳೆಯನ್ನೂ ತೆಗೆಯಲಿಲ್ಲ.

ಮಧ್ಯಾಹ್ನಕ್ಕೆ ಮೈದುನ ಬಂದರು. "ಅತ್ತಿಗಿ, ಇನ್ನ ಬಾಗಲಾ ಹಾಕಿದಂಗ ಆತಲ್ಲ. ಕೀಲಿ ಕೊಡ್ರಿ."

"ನಾಳಿ ಮುಂಜಾನಿ ಬಾ."

ಅವರು ಹೋದ ಮೇಲೆ ಮೇಡಮ್ಮ ಊಟ ಬಿಟ್ಟು ಆ ಆರನೆಯ ಪುಟದ ಮೇಲೆ ಬೆರಳಿಟ್ಟು ಕೂತರು. ಅತ್ತೆಯ ಕರಾರಿನಲ್ಲಿ ಬಾಗಿಲು ಹಾಕುವ ಹಾಗಿಲ್ಲ, ಕಂಪನಿಯ ಕರಾರಿನಲ್ಲಿ ಬಾಗಿಲು ತೆರೆಯುವ ಹಾಗಿಲ್ಲ. ನಾನು ಕಸ ಹೊಡೆಯುತ್ತಿದ್ದೆ. ಸುಮಾರು ಹೊತ್ತಿನ ಮೇಲೆ ತಲೆ ಎತ್ತಿ, "ಅವ್ವ, ನಿನಗೆಷ್ಟು ವರ್ಷ?" ಎಂದು ಕೇಳಿದರು.

"ಐವತ್ತೆಂಟೋ ಅರವತ್ತೋ, ಯಾರು ಬರದಿಟ್ಟಾರ್ರಿ."

"ಎರಡರಿಂದ ಆರು ವರ್ಷದ ಮಕ್ಕಳಿಗೆ ಕಲಿಸಬಾರದು ಅಂತ ಬರದಾರ. ಅರವತ್ತರವರಿಗೆ ಕಲಿಸಬಾರದು ಅಂತ ಬರದಿಲ್ಲ. ನಿನಗ ಓದಾಕ ಬರತೈತೇನು?"

ಮೂರನೇ ಕ್ಲಾಸಿನ ತನಕ ಓದಿದ್ದೆ, ಕುರಿಯ ಹಿಂದೆ ತಿರುಗಿ ಎಲ್ಲ ಮರೆತಿದ್ದೆ. ಮರುದಿನ ಮೈದುನ ಕೀಲಿಗೆ ಬಂದಾಗ ಒಳಗೆ ನಾವು ಹನ್ನೊಂದು ಮುದುಕಿಯರು ಮಕ್ಕಳ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದೆವು. ಯಾರ್ಡಿನಲ್ಲಿ ಹತ್ತಿ ಆರಿಸುವವರು, ಸೊಪ್ಪು ಮಾರುವವರು, ಕೌತಾಳಂ ಬಸ್ಸಿಗೆ ಹೋಗಬೇಕಿದ್ದ ನನ್ನ ಬೀಗತಿ ಒಬ್ಬಳು. ಮೈದುನ ಹೊಟ್ಟೆ ಹಿಡಿದು ನಕ್ಕರು. "ಇದು ಶಾಲಿ ಏನು ಅತ್ತಿಗಿ?"

ಹಿಂದಿನಿಂದ ಅವರ ತಾಯಿ, ಮೇಡಮ್ಮನ ಅತ್ತೆಯೇ ಬಂದರು,  ಮನೆಯಿಂದ ಒಂದು ದೊಡ್ಡ ಕುರ್ಚಿ ಹೊರಿಸಿಕೊಂಡು. "ಹಲಗಿ ಐತಿ, ಬಳಪ ಐತಿ. ಶಾಲೀನ. ನಡೀಲಿ ಬಿಡು" ಅಂತ ಹೇಳಿ ಬಾಗಿಲ ಹತ್ತಿರ ಕೂತರು. "ನಾ ಕಲಿಯಾಕ ಬಂದಿಲ್ಲ, ನೋಡಾಕ ಬಂದೀನಿ." ಹದಿನೈದು ದಿನ ನೋಡಿದರು. ಹದಿನಾರನೆಯ ದಿನ ಸಣ್ಣ ಕುರ್ಚಿಗೆ ಇಳಿದು ನನ್ನ ಹಲಗೆಯಲ್ಲಿ ನಾನು ಬರೆದ ಅಕ್ಷರ ಅಳಿಸಿ, "ಸರಿ, ನಾ ಬರೀತೀನಿ" ಅಂದರು. ಮೇಡಮ್ಮ ಅವರಿಗೂ ನಮಗೂ ಒಂದೇ ಪದ್ಧತಿ ಇಟ್ಟರು. ಬಂದ ಕೂಡಲೇ ಕೈ ತೊಳೆಯಬೇಕು, ಎಣಿಸಬೇಕು. ಅತ್ತೆಯೂ ಎಣಿಸಿದರು.

ಎರಡು ವರ್ಷದಲ್ಲಿ ಆಫೀಸರು ಒಮ್ಮೆ ಬಂದಿದ್ದರು, ಕದ್ದು ಶಾಲೆ ನಡೆಸುತ್ತಾರೆಂದು ಯಾರೋ ದೂರು ಕೊಟ್ಟಿದ್ದರಂತೆ. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು. "ಇದೇಂಟಮ್ಮಾ ಇದಿ?" ಇದೇನಿದು ಎಂದು. ಸೊಪ್ಪಿನಾಕೆ ತಿರುಗಿ, "ಮಾಕಂದರಿಕೀ ಆರು ದಾಟಾಯಿ ನಾಯ್ನಾ" ಅಂದಳು, ನಮಗೆಲ್ಲ ಆರು ದಾಟಿದೆಯಪ್ಪ ಎಂದು. ಆ ಹುಡುಗ ಚೀಲವನ್ನು ತೆರೆಯಲೇ ಇಲ್ಲ. ಚಹಾ ಕುಡಿದು ಹೋದರು.

ಎರಡನೆಯ ವರ್ಷದ ಹತ್ತಿ ಕಾಲ ಬಂತು. ಆ ಸಲ ಯಾರ್ಡು ತುಂಬಿ ರಸ್ತೆಯಲ್ಲೆಲ್ಲ ಲಾರಿ ನಿಂತಿದ್ದವು. ಊರಿನಲ್ಲಿ ಖಾಲಿ ಗೋದಾಮು ಸಿಗುತ್ತಿರಲಿಲ್ಲ. ಮೇಡಮ್ಮನಿಗೆ ಇನ್ನು ಐದು ತಿಂಗಳು ಕಳೆದರೆ ಸಾಕಿತ್ತು, ಮಕ್ಕಳಿಗೆ ಬಾಗಿಲು ತೆರೆಯಬಹುದಿತ್ತು. ಒಂದು ಮಧ್ಯಾಹ್ನ ಒತ್ತಕ್ಷರ ಬರೆಯುತ್ತಿದ್ದೆವು. ಮೈದುನ ಬಂದು ಚಪ್ಪಲಿ ಬಿಟ್ಟು ಒಳಗೆ ನಿಂತರು. ಒಂದು ಕೈಯಲ್ಲಿ ಸ್ಟ್ಯಾಂಪ್ ಪೇಪರು, ಇನ್ನೊಂದರಲ್ಲಿ ಶಾಯಿಯ ಡಬ್ಬಿ.

"ಅವ್ವಾ, ಇಲ್ಲೊಂದು ಹೆಬ್ಬಟ್ಟು ಒತ್ತು. ಲಗೂನ ಹೋಗಬೇಕು."

ಅತ್ತೆ ಹೆಬ್ಬೆರಳು ಚಾಚಲಿಲ್ಲ. ಕೈ ಚಾಚಿ ಕಾಗದ ತೆಗೆದುಕೊಂಡರು. ಕಿಟಕಿಯ ಕಡೆ ಹಿಡಿದರು. ಅದು ತೆಲುಗಿನಲ್ಲಿತ್ತು. ನಾವು ಕಲಿತದ್ದು ಕನ್ನಡ. ಆದರೆ ತಲೆಕಟ್ಟು ಒಂದಿಷ್ಟು ಬೇರೆ, ಉಳಿದದ್ದು ಅಕ್ಕತಂಗಿಯರ ಮುಖದ ಹಾಗೆ. ಅಂಗಡಿ ಬೋರ್ಡು ನೋಡಿ ನೋಡಿ ಅದೂ ಸ್ವಲ್ಪ ಕೂಡಿ ಬಂದಿತ್ತು.

"ಗೋ… ದಾ… ಮು."

ನಾವೆಲ್ಲ ಬಳಪ ನಿಲ್ಲಿಸಿದೆವು. ಮೈದುನ, "ನಾ ಓದಿ ಹೇಳ್ತೀನಿ ಕೊಡವ್ವ" ಎಂದರು.

"ತಡಿ. ಅ… ದ್ದೆ. ಅದ್ದೆ ಅಂದ್ರ ಬಾಡಿಗಿ ಅಲ್ಲೇನೋ?"

"ಹೂಂ."

"ಯಾವ ಗೋದಾಮು?"

ಮೈದುನ ಮಾಳಿಗೆಯ ತಗಡು ನೋಡಿದರು. "ಇದ."

"ನಾ ಈಗ ಕುಂತೀನಲ್ಲ, ಇದ?"

"ಮೂರು ತಿಂಗಳ ಮಾತವ್ವ. ಲಾರಿ ಹೊರಗ ನಿಂತಾವ. ಇವರನ್ನ ನಮ್ಮ ಪಡಸಾಲ್ಯಾಗ ಕುಂದ್ರಿಸಿದ್ರ ಆಗಂಗಿಲ್ಲೇನು?"

ಮೂರು ತಿಂಗಳು ಬಾಗಿಲು ಹಾಕಿದರೆ ಅತ್ತೆಯ ಕರಾರೇ ಮುಗಿಯಿತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಮೇಡಮ್ಮನ ಮುಖ ನೋಡಿದೆ. ಈಗಲಾದರೂ ಒಂದು ಮಾತು ಆಡಿಯಾರು ಅಂದುಕೊಂಡೆ. ಬಳಪ ಹಿಡಿದು ಕರಿ ಹಲಗೆಯ ಹತ್ತಿರ ನಿಂತೇ ಇದ್ದರು. ಯಾಕೆ ಸುಮ್ಮನಿದ್ದಿರಿ ಎಂದು ಆಮೇಲೆ ಕೇಳಿದ್ದಕ್ಕೆ, "ಓದೋರ ನಡುವ ಮಾತಾಡಬಾರದು" ಅಂದರು. ಅದು ನೀಲಿ ಪುಸ್ತಕದಲ್ಲಿ ಇತ್ತೋ, ಅವರದೇ ಮಾತೋ, ನನಗೆ ಗೊತ್ತಿಲ್ಲ.

ಅತ್ತೆ ಕೊನೆಯ ಸಾಲಿನ ತನಕ ಬೆರಳು ಓಡಿಸಿದರು. ಆಮೇಲೆ ಮಗನಿಗೆ, "ಪೆನ್ನು ಕೊಡು" ಅಂದರು. ಅವರು ನಿಟ್ಟುಸಿರು ಬಿಟ್ಟು ಶಾಯಿಯ ಡಬ್ಬಿಯನ್ನು ಜೇಬಿಗೆ ಹಾಕಿ ಪೆನ್ನು ಕೊಟ್ಟರು. ಅತ್ತೆ ಕಾಗದವನ್ನು ಬೋರಲು ಹಾಕಿದರು. ಹಿಂದಿನ ಖಾಲಿ ಮೈ ಮೇಲೆ, ತೊಡೆಗೆ ಹಲಗೆ ಆನಿಸಿಕೊಂಡು, ನಾಲಿಗೆ ತುದಿ ಹೊರಗೆ ಹಾಕಿ, ಒಂದೊಂದೇ ಅಕ್ಷರ ದೊಡ್ಡದಾಗಿ ಬರೆದರು. ಬರೆದು ಮುಗಿಸಿ ದೂರ ಹಿಡಿದು ನೋಡಿದರು.

"ಹಿಂದ ನನ್ನ ಹೆಸರು ಬರದೀನಿ ನೋಡು. ಮುಂದ ಬರಿಯಂಗಿಲ್ಲ. ಲಾರಿಗೆ ಬ್ಯಾರೆ ಕಡಿ ಜಾಗ ನೋಡು."

ಆಗ ಮೇಡಮ್ಮ ಹತ್ತಿರ ಬಂದರು. ಬಗ್ಗಿ ಕಾಗದ ನೋಡಿದರು. ಸಂಗಮ್ಮ ಎಂಬುದು ಅತ್ತೆಯ ಹೆಸರು. ಅಲ್ಲಿ 'ಸಂಗಮ' ಎಂದಿತ್ತು.

"ಮ ಅಕ್ಷರಕ್ಕ ಒತ್ತು ಬಿಟ್ಟೀರಿ, ಅತ್ತಿ."

ಅತ್ತೆ ಕಾಗದವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಒತ್ತು ಬರೆದು ಮುಗಿಯುವ ತನಕ ಮೈದುನ ತಮ್ಮ ಪೆನ್ನಿಗಾಗಿ ಕಾಯುತ್ತ ನಿಂತಿದ್ದರು.